ಊರಿನ ಪಂಪು, ನಮ್ಮ ಕಣ್ಣು



ಬ್ಯಾಂಕಿನಲ್ಲಿ ಅಂಕಿ ಕೂಡಿಸುವ ಗುಮಾಸ್ತರಾದ ನಾವು ಬೇಸಾಯದ ಯಂತ್ರಗಳನ್ನು ಕುರಿತು ಮಾತನಾಡಲು ನಿಂತುದನ್ನು ಕಂಡು ಕೆಲವರಿಗೆ ನಗು ಬಂದೀತು. ಆದರೆ ಈ ಸಭೆಯಲ್ಲಿರುವ ಅನೇಕರಿಗೆ ಊರಿನಲ್ಲಿ ಎರಡೆಕರೆ ಹೊಲವೋ, ಒಂದು ಬಾವಿಯೋ, ಅದನ್ನು ನೋಡಿಕೊಂಡಿರುವ ಅಣ್ಣನೋ ತಮ್ಮನೋ ಉಂಟು. ಅಂಥವರಿಗಾಗಿ ನಮ್ಮ ಮನೆಯ ಅನುಭವವನ್ನು ಅರಿಕೆ ಮಾಡಿಕೊಳ್ಳುತ್ತೇವೆ.

ನಮ್ಮೂರು ಜಮಖಂಡಿಯ ಕಡೆಗೆ, ಕೃಷ್ಣೆಯ ಸೀಮೆ, ಬೆಳೆ ಕಬ್ಬು. ಪಂಪಿಗೆ ಬೇಕಾದ ಮೂರು ಫೇಸಿನ ವಿದ್ಯುತ್ತು ಪಾಳಿಯ ಮೇಲೆ ಬರುವುದು, ಎಷ್ಟೋ ಸಲ ನಡುರಾತ್ರಿಗೆ. ಫೋನಿನಿಂದ ಮೋಟಾರು ನಡೆಸುವ ಸ್ಟಾರ್ಟರು ಇತ್ತೆಂಬುದೇನೋ ನಿಜ. ಆದರೆ ಅದು ಮೋಟಾರು ಹೊರಟಿತೆಂದು ಹೇಳೀತೇ ಹೊರತು ನೀರು ಬೀಳುತ್ತಿದೆಯೇ ಎಂಬುದನ್ನು ಹೇಳದು. ಅದನ್ನು ನೋಡಲು ಅಣ್ಣ ಬ್ಯಾಟರಿ ಹಿಡಿದು ಕಬ್ಬಿನ ನಡುವೆ ಹೋಗಬೇಕು. 2023ರ ಮಳೆಗಾಲದಲ್ಲಿ ಹಾಗೆ ಹೋದಾಗ ಹಾವು ಕಚ್ಚಿತು. ಅಣ್ಣ ಉಳಿದುಕೊಂಡ, ಆದರೆ ಆಸ್ಪತ್ರೆಯ ಹೊರಗೆ ಕುಳಿತ ಆ ಎರಡು ರಾತ್ರಿಗಳನ್ನು ನಾವು ಮರೆತಿಲ್ಲ. ಕ್ಯಾಮರಾದ ವಿಚಾರ ಹುಟ್ಟಿದ್ದು ಅಲ್ಲಿಯೇ.

ಮನೆಯಿಂದ ಪಂಪಿನ ಶೆಡ್ಡಿಗೆ ಸುಮಾರು 600 ಮೀಟರು. ಮನೆಯೊಳಗಿನ ವೈಫೈ ಅಷ್ಟು ದೂರ ಮುಟ್ಟುವುದಿಲ್ಲ. ಆದುದರಿಂದ ಮಾಳಿಗೆಯ ಮೇಲೊಂದು, ಶೆಡ್ಡಿನ ಮೇಲೊಂದು, ಪರಸ್ಪರ ಮುಖಮಾಡಿ ನಿಲ್ಲುವ ಆಂಟೆನಾಗಳನ್ನು ಕೂಡ್ರಿಸಿದೆವು. ಚಿತ್ರ ನೇರವಾಗಿ ಮನೆಯ ಟ್ಯಾಬ್ಲೆಟ್ಟಿಗೆ ಬರುವುದು. ಅಷ್ಟಕ್ಕೆ ಇಂಟರ್ನೆಟ್ಟು ಬೇಕಿಲ್ಲ. ಖರ್ಚಿನ ಮಾತನ್ನು ಗುಮಾಸ್ತರು ಬಿಟ್ಟಾರೆಯೇ? ಸೆಕೆಂಡಿಗೆ ಒಂದು ಮೆಗಾಬಿಟ್ಟಿನ ಸಾಧಾರಣ ಚಿತ್ರವೂ ತಾಸಿಗೆ 450 ಮೆಗಾಬೈಟು ನುಂಗುತ್ತದೆ. ದಿನಕ್ಕೆ 1.5 ಗಿಗಾಬೈಟಿನ ಸಿಮ್ಮನ್ನು ಹಾಕಿದ್ದರೆ ಮೂರು ತಾಸು ದಾಟುತ್ತಲೇ ತಳ ಕಾಣುತ್ತಿತ್ತು.

ಲೆಕ್ಕ ತಪ್ಪಿದ್ದು ಬೇರೆಡೆ. ಲೈನು ಇಲ್ಲದಾಗಲೂ ಕ್ಯಾಮರಾ ಎಚ್ಚರವಿರಲೆಂದು 40 ವಾಟಿನ ಸೌರಫಲಕ ತಂದೆವು. ಕ್ಯಾಮರಾ, ಆಂಟೆನಾ ಸೇರಿ ಬೇಕಾದುದು 10 ವಾಟು; 24 ತಾಸಿಗೆ 240 ಯೂನಿಟ್ಟಲ್ಲ, ವಾಟ್-ತಾಸು ಎನ್ನಿ. ಐದು ತಾಸು ಒಳ್ಳೆಯ ಬಿಸಿಲು ಬಿದ್ದರೂ ಜಮೆ 200! ಬಿ.ಕಾಂ. ಓದಿದವರು ಮಾಡಬಾರದ ತಪ್ಪು. ಕೆಲವೇ ದಿನಗಳಲ್ಲಿ ಬ್ಯಾಟರಿ ಬರಿದಾಗಿ, 100 ವಾಟಿನದನ್ನು ತಂದೆವು. ಜನವರಿಯಲ್ಲಿ ಕಟ್ಟಿದ ಈ ಏರ್ಪಾಡು ಆಗಸ್ಟಿನಲ್ಲಿ ಕುರುಡಾಯಿತು. ಕಬ್ಬು ಆಳೆತ್ತರ ದಾಟಿ ಆಂಟೆನಾಗಳ ನಡುವೆ ನಿಂತಿತ್ತು. ತೇವ ತುಂಬಿದ ಎಲೆ ಈ ಅಲೆಗಳನ್ನು ಹೀರಿಬಿಡುತ್ತದೆ. 20 ಅಡಿಯ ಕೊಳವೆ ನೆಟ್ಟು ಮೇಲೇರಿಸಿದ ಬಳಿಕ ಕಣ್ಣು ಬಂತು. ಜೇಡನ ಕಾಟವಂತೂ ಇಂದಿಗೂ ಇದೆ, ವಾರಕ್ಕೊಮ್ಮೆ ಬಲೆ ಒರೆಸಬೇಕು. ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ಮೊದಲ ದಿನವೇ ಬದಲಾಯಿಸುವುದನ್ನು ಮಾತ್ರ ಯಾರೂ ಮರೆಯಬಾರದು.

ಇನ್ನು ಹೇಳಲು ನಾಚಿಕೆಯಾಗುವ ಸಂಗತಿ. ಮೊದಲು ನಾವು ಕ್ಯಾಮರಾವನ್ನು ಶೆಡ್ಡಿನ ಬಾಗಿಲು, ಅಣ್ಣನ ಹೊರಸು ಎಲ್ಲವೂ ಕಾಣುವಂತೆ ಇಟ್ಟಿದ್ದೆವು. ಮನೆಯ ಬ್ರಾಡ್‌ಬ್ಯಾಂಡಿನ ಮೂಲಕ ಪುಣೆಯಲ್ಲಿ ನಮ್ಮ ಫೋನಿಗೂ ಚಿತ್ರ ಬರುತ್ತಿತ್ತು. ಒಂದು ರವಿವಾರ ಚಹ ಕುಡಿಯುತ್ತ ಅಣ್ಣನಿಗೆ ಫೋನು ಮಾಡಿ, “ಒಂಬತ್ತಾದರೂ ಶೆಡ್ಡಿನ ಕಡೆ ಬಂದೇ ಇಲ್ಲವಲ್ಲ?” ಎಂದುಬಿಟ್ಟೆವು. ಅಣ್ಣ ಒಂದು ಕ್ಷಣ ಸುಮ್ಮನಿದ್ದು ಕೇಳಿದ: “ಇದು ಮೋಟಾರು ನೋಡಾಕೋ, ನನ್ನ ನೋಡಾಕೋ?”

ಉತ್ತರ ಹೊಳೆಯಲಿಲ್ಲ. ಹೊಲ ಬಿಟ್ಟು ಬಂದವರು ನಾವು. ಹಾವು ಕಚ್ಚಿಸಿಕೊಂಡವನು ಅವನು.

ದೀಪಾವಳಿಗೆ ಹೋದಾಗ ಕ್ಯಾಮರಾವನ್ನು ನಾವೇ ತಿರುಗಿಸಿದೆವು. ಈಗ ಅದರಲ್ಲಿ ಕಾಣುವುದು ವೋಲ್ಟಿನ ಮುಳ್ಳು, ಆಂಪಿಯರಿನ ಮುಳ್ಳು, ಕೊಳವೆಯ ಬಾಯಿ, ಅಷ್ಟೇ. ನೀರು ಸಣ್ಣಗಾಗಿ ಆಂಪಿಯರಿನ ಮುಳ್ಳು ಇಳಿಯಿತೆಂದರೆ ಬಾವಿ ಬತ್ತುತ್ತಿದೆಯೆಂದೇ ಅರ್ಥ. ಪಂಪು ಒಣಗಿ ಓಡಿ ಕೆಡುವ ಮುಂಚೆ ಅಣ್ಣ ಮಲಗಿದಲ್ಲಿಂದಲೇ ನಿಲ್ಲಿಸುತ್ತಾನೆ. ನಮ್ಮ ಫೋನಿನ ಸಂಪರ್ಕವನ್ನು ಅಳಿಸಿಹಾಕಿದೆವು. ಪಂಪಿನ ಸುದ್ದಿ ಬೇಕಾದರೆ ಎಲ್ಲರಂತೆ ಕರೆ ಮಾಡಿ ಕೇಳುತ್ತೇವೆ.

ಕಳೆದ ವಾರ ರಾತ್ರಿ ಹನ್ನೊಂದಕ್ಕೆ ಅಣ್ಣನೇ ಕರೆ ಮಾಡಿದ್ದ. “ನೀರು ಚಲೋ ಬರಾಕತ್ತೈತಿ, ಮಲಕೋ” ಎಂದ.