ಕಲ್ಲು ನುಡಿಯುವ ಸಾಕ್ಷಿ



ಮುಂಡರಗಿ, ಶಿರಹಟ್ಟಿ ಕಡೆಯಿಂದ ಗದಗಿಗೆ ಬರುವ ನೀವೆಲ್ಲ ಕಪ್ಪತಗುಡ್ಡವನ್ನು ಕಂಡವರೇ. ಆ ಗುಡ್ಡದ ಕಲ್ಲುಗಳು ಹುಟ್ಟಿ 250 ಕೋಟಿ ವರ್ಷಗಳಿಗೂ ಹೆಚ್ಚಾಯಿತು. ಇವು ಧಾರವಾಡ ಶಿಲಾಸಮೂಹಕ್ಕೆ ಸೇರಿದವು. ಇದೇ ಸಮೂಹದ ಶಿವಮೊಗ್ಗ ಜಿಲ್ಲೆಯ ಕುಂಸಿ, ಬಳ್ಳಾರಿ ಜಿಲ್ಲೆಯ ಸಂಡೂರುಗಳ ಶಿಲೆಗಳಲ್ಲಿ ಸ್ಟ್ರೊಮ್ಯಾಟೊಲೈಟ್ ಎಂಬ ಪದರು ಪದರಾದ ಗುರುತುಗಳು ಸಿಕ್ಕಿವೆ. ಈ ಪದರುಗಳನ್ನು ಕಟ್ಟಿದವು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳೆಂದು ವಿಜ್ಞಾನಿಗಳು ಹೇಳುತ್ತಾರೆ.

"ಸರ್, ಆಗ ನೋಡಿದವರು ಯಾರು?" ಎಂದು ಮಕ್ಕಳು ಕೇಳುತ್ತಾರೆ. ಸರಿಯಾದ ಪ್ರಶ್ನೆ. ನೋಡಿದವರು ಯಾರೂ ಇಲ್ಲದಿರುವಾಗ ಕಲ್ಲೊಳಗಿನ ಇಂಗಾಲವನ್ನು ವಿಚಾರಿಸಬೇಕಾಗುತ್ತದೆ. ಇಂಗಾಲದ ನೂರು ಪರಮಾಣುಗಳಲ್ಲಿ ಸುಮಾರು 99 ಹಗುರವಾದ ಇಂಗಾಲ-12. ಉಳಿದ ಒಂದು ತುಸು ಭಾರವಾದ ಇಂಗಾಲ-13. ಇವನ್ನೇ ಐಸೋಟೋಪುಗಳೆನ್ನುತ್ತೇವೆ. ಜೀವಿಗಳು ಆಹಾರ ತಯಾರಿಸುವಾಗ ಹಗುರವಾದುದನ್ನೇ ಹೆಚ್ಚು ಎಳೆದುಕೊಳ್ಳುತ್ತವೆ. ಅವು ಸತ್ತು, ಕೆಸರಿನಲ್ಲಿ ಹೂತು, ಕಲ್ಲಾದ ಮೇಲೂ ಆ ಲೆಕ್ಕ ಉಳಿಯಬಲ್ಲದು. ಸುಣ್ಣದ ಶಿಲೆಗೆ ಹೋಲಿಸಿದರೆ ಅಂಥ ಇಂಗಾಲದಲ್ಲಿ ಇಂಗಾಲ-13ರ ಪಾಲು ಶೇ. 2ರಿಂದ 3ರಷ್ಟು ಕಡಿಮೆ. 1999ರಲ್ಲಿ ಗ್ರೀನ್‌ಲ್ಯಾಂಡಿನ ಇಸುವಾದಲ್ಲಿ ಮಿನಿಕ್ ರೋಸಿಂಗ್ ಎಂಬ ವಿಜ್ಞಾನಿ 370 ಕೋಟಿ ವರ್ಷ ಹಳೆಯ ಶಿಲೆಯಲ್ಲಿ ಇಂಥದೇ ಗುರುತು ಕಂಡರು.

ಆದರೆ ಸಾಕ್ಷಿ ಹೇಳಿದ್ದೆಲ್ಲವೂ ಸತ್ಯವೆಂದು ಒಪ್ಪಲಾಗದು. ಭೂಗರ್ಭದ ಕಾವು ಆ ಲೆಕ್ಕವನ್ನು ಬದಲಿಸಬಹುದು. ಜೀವಿಗಳಿಲ್ಲದೆಯೂ ಕೆಲವು ರಾಸಾಯನಿಕ ಕ್ರಿಯೆಗಳು ಅಂಥದೇ ಗುರುತು ಮೂಡಿಸಬಹುದು. ಅದೇ ಗ್ರೀನ್‌ಲ್ಯಾಂಡಿನ ಅಕಿಲಿಯಾ ದ್ವೀಪದ, ಇನ್ನೂ ಹಳೆಯ ಶಿಲೆಯಲ್ಲಿ ಜೀವದ ಕುರುಹು ಇದೆಯೆಂದು 1996ರಲ್ಲಿ ಪ್ರಕಟವಾಯಿತು. ಆ ಶಿಲೆ ಸಮುದ್ರದ ತಳದಲ್ಲಿ ಕೂತದ್ದೇ ಅಲ್ಲವೆಂದು 2002ರಲ್ಲಿ ಬೇರೆ ವಿಜ್ಞಾನಿಗಳು ಆಕ್ಷೇಪಿಸಿದರು. ಆದ್ದರಿಂದ ಕಲ್ಲು ಎಲ್ಲಿ ಹುಟ್ಟಿತು, ಎಷ್ಟು ಕಾವು ತಿಂದಿತು ಎಂಬುದನ್ನೆಲ್ಲ ವಿಚಾರಿಸಿದ ಮೇಲೆಯೇ ತೀರ್ಮಾನ.

ಈ ಪದ್ಧತಿ ನಮಗೆ ಹೊಸದಲ್ಲ. ಇಮಾಮ್ ಬುಖಾರಿಯವರು ಕೇಳಿದ ಹದೀಸನ್ನೆಲ್ಲ ಬರೆದುಕೊಳ್ಳಲಿಲ್ಲ. ಹೇಳಿದವರು ಯಾರು, ಅವರು ಯಾರಿಂದ ಕೇಳಿದರು, ನಂಬಿಕೆಗೆ ಅರ್ಹರೇ ಎಂದು ಶೋಧಿಸಿದರು.

ವಿಜ್ಞಾನ ಓದಿದರೆ ಈಮಾನು ಕೆಡುತ್ತದೆಂದು ಮಗಳನ್ನು ಪಿ.ಯು.ಸಿ. ವಿಜ್ಞಾನಕ್ಕೆ ಸೇರಿಸಲು ಹಿಂಜರಿದ ಪಾಲಕರನ್ನು ನಾನು ಕಂಡಿದ್ದೇನೆ. ಅವರಲ್ಲಿ ನನ್ನದೊಂದೇ ವಿನಂತಿ: ಸಾಕ್ಷಿಯನ್ನು ಪರೀಕ್ಷಿಸುವ ವಿದ್ಯೆಯನ್ನು ನಮ್ಮ ಹಿರಿಯರು ಇಲ್ಮ್ ಎಂದೇ ಗೌರವಿಸಿದರು. ಅದನ್ನು ನಮ್ಮ ಹೆಣ್ಣುಮಕ್ಕಳಿಗೆ ತಪ್ಪಿಸಬೇಡಿ. ವಿದ್ಯಾರ್ಥಿಗಳೆ, ನೀವೂ ಕೇಳಿದ್ದನ್ನು ವಿಚಾರಿಸದೆ ನಂಬಬೇಡಿ, ವಿಚಾರಿಸದೆ ತಳ್ಳಿಯೂ ಹಾಕಬೇಡಿ.