ತಿಂಡಿ, ಆಟ, ನಾಟಕ
ಹರಿಹರ ತಾಲ್ಲೂಕಿನ ಭಾನುವಳ್ಳಿಯ ಸುತ್ತಲಿನ ಸೀಮೆಯ ಲೋಕಾಭಿರಾಮದಲ್ಲಿ ತಿಂಡಿ, ಆಟ, ನಾಟಕಗಳು ಒಂದೇ ಪಂಕ್ತಿಯಲ್ಲಿ ಕೂರುತ್ತವೆ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ, ಅಂದರೆ ಅಕ್ಕಿಯನ್ನು ಕಾದ ಮರಳಿನಲ್ಲಿ ಹುರಿಯುವ ಒಲೆಮನೆಗಳಲ್ಲಿ, ಕಾಳಿನೊಳಗಿನ ತೇವವು ಥಟ್ಟನೆ ಆವಿಯಾಗಿ ಹಿಗ್ಗುವುದರಿಂದ ಮಂಡಕ್ಕಿ ಹಗುರಾಗಿ ಅರಳುತ್ತದೆ. ಅದಕ್ಕೆ ಬಿಸಿ ಮೆಣಸಿನಕಾಯಿ ಬಜ್ಜಿ ಜೊತೆಯಾದರೆ, ದಾವಣಗೆರೆಯವರೇ ಆದ ವೇಗದ ಬೌಲರ್ ಆರ್. ವಿನಯ್ ಕುಮಾರ್ ನಾಯಕತ್ವದಲ್ಲಿ ಕರ್ನಾಟಕವು 2013-14 ಮತ್ತು 2014-15ರಲ್ಲಿ ಸತತವಾಗಿ ರಣಜಿ ಟ್ರೋಫಿ ಗೆದ್ದ ಮಾತಾಗಲಿ, ರಂಗನಟಿ ಚಿಂದೋಡಿ ಲೀಲಾ ಬೆಳಗಿದ ವೃತ್ತಿರಂಗಭೂಮಿಯ, ಎಂದರೆ ಟಿಕೆಟ್ ಹಣದಿಂದಲೇ ಬದುಕುವ ನಾಟಕ ಕಂಪನಿಗಳ ಮಾತಾಗಲಿ ಸಲೀಸಾಗಿ ಸಾಗುತ್ತದೆ. ಹೊಯ್ಸಳ ದಂಡನಾಯಕ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ಹರಿಹರದ ದೇಗುಲದಲ್ಲಿ ಶಿವನೂ ವಿಷ್ಣುವೂ ಒಂದೇ ವಿಗ್ರಹದಲ್ಲಿ ನೆಲೆಸಿರುವಾಗ, ಎರಡು ಹೋಟೆಲುಗಳಲ್ಲಿ ಯಾವುದರ ಬೆಣ್ಣೆದೋಸೆ ಮೇಲು ಎಂಬ ವಾದವು ಜಗಳಕ್ಕೆ ತಿರುಗಬೇಕಾಗಿಲ್ಲ. ಎರಡನ್ನೂ ತಿಂದು ನೋಡುವುದೇ ವಿವೇಕ.