‘ಸಬ್’ ಮತ್ತು ‘ಉಪ’

ಇಂಗ್ಲಿಷಿನ ‘ಸಬ್’ ಎಂಬ ಉಪಸರ್ಗವು ಶಾಲೆಯ ಮೆಟ್ಟಿಲು ಹತ್ತದವರ ಬಾಯಲ್ಲಿಯೂ ನೆಲೆನಿಂತ ಶಬ್ದ. ನಂಜನಗೂಡಿನಲ್ಲಾಗಲಿ ತಿರುಮಕೂಡಲು ನರಸೀಪುರದಲ್ಲಾಗಲಿ, ಜಮೀನಿನ ಕ್ರಯಪತ್ರವಾಗಬೇಕಾದರೆ ರೈತನು ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗುತ್ತಾನೆ. ಫಿರ್ಯಾದು ಕೊಡಬೇಕಾದರೆ ಸಬ್ ಇನ್‌ಸ್ಪೆಕ್ಟರರನ್ನು ಕಾಣುತ್ತಾನೆ. ಲ್ಯಾಟಿನ್ ಮೂಲದ ಈ ಉಪಸರ್ಗಕ್ಕೆ ‘ಕೆಳಗೆ’ ಎಂಬುದು ಮೊದಲ ಅರ್ಥ. ನೀರಿನ ಕೆಳಗೆ ಚಲಿಸುವುದು ಸಬ್‌ಮರೀನ್; ರಸ್ತೆಯ ಕೆಳಗೆ ಹಾಯುವುದು ಸಬ್‌ವೇ. ಅಧಿಕಾರದ ಏಣಿಯಲ್ಲಿ ಒಂದು ಮೆಟ್ಟಿಲು ಕೆಳಗಿರುವವರಿಗೂ ಅದೇ ಗುರುತು.

ಇದನ್ನು ಕನ್ನಡಕ್ಕೆ ತರುವಾಗ ನಾವು ಸಂಸ್ಕೃತದ ‘ಉಪ’ವನ್ನು ಆರಿಸಿಕೊಂಡೆವು: ಉಪನೋಂದಣಾಧಿಕಾರಿ, ಉಪವಿಭಾಗ, ಉಪಸಮಿತಿ. ಆಯ್ಕೆ ಅಸಂಬದ್ಧವೇನಲ್ಲ. ಲ್ಯಾಟಿನ್ನಿನ ‘ಸಬ್’, ಗ್ರೀಕಿನ ‘ಹೈಪೊ’, ಸಂಸ್ಕೃತದ ‘ಉಪ’ ಇವು ಒಂದೇ ಮೂಲದಿಂದ ಬಂದ ಒಡಹುಟ್ಟುಗಳೆಂದು ಭಾಷಾಶಾಸ್ತ್ರ ಹೇಳುತ್ತದೆ. ‘ಮೇಲೆ’ ಎಂಬರ್ಥದ ಇಂಗ್ಲಿಷಿನ ‘ಅಪ್’ ಕೂಡ ಅದೇ ಬಳಗದ್ದು! ಆದರೆ ಒಡಹುಟ್ಟಿದವರ ಸ್ವಭಾವ ಒಂದೇ ಆಗಿರಬೇಕೆಂದಿಲ್ಲ. ‘ಉಪ’ದ ಮುಖ್ಯಾರ್ಥ ‘ಸಮೀಪ’. ಗುರುವಿನ ಬಳಿಗೆ ಒಯ್ಯುವುದು ಉಪನಯನ. ಬಳಿಯಲ್ಲಿ ಕುಳಿತು ಅರಿಯುವುದು ಉಪನಿಷತ್ತು. ಉಪಪುರಾಣ, ಉಪವೇದಗಳಲ್ಲಿ ‘ಎರಡನೆಯದು’ ಎಂಬ ಅರ್ಥವೂ ಹಿಂದೆಯೇ ಇತ್ತು, ನಿಜ. ಕಚೇರಿಯ ಕನ್ನಡದಲ್ಲಿ ಮಾತ್ರ ಅದೇ ಮುಂದಾಗಿ, ಸಾಮೀಪ್ಯದ ಅರ್ಥ ಮರೆಯಾಯಿತು. ಸಬ್, ಡೆಪ್ಯುಟಿ, ವೈಸ್, ಬೈ ಎಲ್ಲಕ್ಕೂ ‘ಉಪ’ವೊಂದೇ ಗತಿಯಾಯಿತು. 2017ರಲ್ಲಿ ನಂಜನಗೂಡಿನಲ್ಲಿ ಉಪಚುನಾವಣೆ ನಡೆಯಿತು, ಗೆದ್ದವರೇನೂ ಉಪಶಾಸಕರಾಗಲಿಲ್ಲವಷ್ಟೆ.

ಕಪಿಲೆಯನ್ನೇ ನೋಡಿ. ಭೂಗೋಳದ ಪುಸ್ತಕ ಅದನ್ನು ಕಾವೇರಿಯ ಉಪನದಿ ಎನ್ನುತ್ತದೆ. ವಯನಾಡಿನಿಂದ ಹರಿದು ಬಂದ ಈ ಹೊಳೆ ನಂಜನಗೂಡಿನ ಬಳಿ ಗುಂಡ್ಲು ಹೊಳೆಯನ್ನು ತನ್ನೊಳಗೆ ಸೇರಿಸಿಕೊಳ್ಳುತ್ತದೆ. ಅಲ್ಲಿ ಗುಂಡ್ಲುವೇ ಉಪನದಿ, ಕಪಿಲೆಯೇ ಮುಖ್ಯನದಿ. ಅದೇ ನೀರು ನರಸೀಪುರಕ್ಕೆ ಬಂದಾಗ ತಾನೇ ಉಪನದಿಯಾಗುತ್ತದೆ. ಎಂದಮೇಲೆ ‘ಉಪ’ ಎಂಬುದು ನೀರಿನ ಗುಣವಲ್ಲ, ಒಂದು ಸಂಬಂಧದ ಹೆಸರು. ಸಬ್ ಎಂದೊಡನೆ ಮನುಷ್ಯನನ್ನೇ ಕಿರಿದುಮಾಡಿ ಕಾಣುವವರು ಇದನ್ನು ನೆನೆಯಬೇಕು.

ಅಚ್ಚಗನ್ನಡಕ್ಕೆ ಇಂಥಲ್ಲಿ ಬೇರೊಂದು ದಾರಿಯುಂಟು. ಸಬ್ ಕಾಂಟ್ರಾಕ್ಟನ್ನು ನಾವು ಒಳಗುತ್ತಿಗೆ ಎನ್ನುತ್ತೇವೆ. ಪರಿಶಿಷ್ಟ ಜಾತಿಗಳನ್ನು ರಾಜ್ಯಗಳು ಒಳಗೊಳಗೆ ವರ್ಗೀಕರಿಸಬಹುದೆಂದು ಸುಪ್ರೀಂ ಕೋರ್ಟು 2024ರ ಆಗಸ್ಟ್ 1ರಂದು ತೀರ್ಪಿತ್ತಿತು. ಅಲ್ಲಿಯ ಇಂಗ್ಲಿಷ್ ಶಬ್ದ ‘ಸಬ್’ನಿಂದಲೇ ಮೊದಲಾಗುತ್ತದೆ. ಕನ್ನಡಿಗರು ಅದನ್ನು ‘ಉಪಮೀಸಲಾತಿ’ ಎನ್ನಲಿಲ್ಲ, ‘ಒಳಮೀಸಲಾತಿ’ ಎಂದರು. ಉಪಜಾತಿ ಎಂದರೆ ಯಾವುದೋ ಒಂದಕ್ಕೆ ಕೆಳಗಿನದೆಂಬ ಸಂಶಯ ಸುಳಿಯುತ್ತದೆ. ಒಳಪಂಗಡ ಎಂದರೆ ಒಳಗಿನವರೆಲ್ಲ ಒಂದೇ ಮನೆಯವರೆನಿಸುತ್ತದೆ. ಪಾಲಿನ ಪ್ರಶ್ನೆ ಬಂದಾಗ ಈ ವ್ಯತ್ಯಾಸ ಸಣ್ಣದಲ್ಲ.

ಆದುದರಿಂದ ಕಚೇರಿಯ ಕಾಗದಗಳನ್ನು ಕನ್ನಡಿಸುವವರಲ್ಲಿ ನನ್ನದೊಂದು ವಿನಂತಿ. ‘ಸಬ್’ ಎದುರಾದಾಗ ಅದು ಕೆಳಗೆಯೋ, ಒಳಗೆಯೋ, ಬಳಿಯೋ, ಎರಡನೆಯದೋ ಎಂದು ಒಮ್ಮೆ ಕೇಳಿಕೊಳ್ಳಲಿ. ಎರಡು ಹೊಳೆಗಳು ಸೇರುವ ಜಾಗಕ್ಕೆ ನಮ್ಮ ಹಿರಿಯರು ‘ಕೂಡಲು’ ಎಂದಷ್ಟೇ ಹೆಸರಿಟ್ಟರು. ಯಾವುದು ಕೆಳಗಿನದೆಂದು ಆ ಹೆಸರಿನಲ್ಲಿ ಹೇಳಹೋಗಲಿಲ್ಲ.